ಹುಲಿಗೆಮ್ಮನ ಹೆಬ್ಬೆಟ್ಟು, ಪಂಪಾಪತಿಯ ಟಾರ್ಗೆಟ್ಟು

ಬಾಗಿಲು ತಳ್ಳಿ ತಲೆ ಒಳಗೆ ಹಾಕಿದ್ದೇ ತಡ, ‘ಟಕ್’ ಎಂದಿತು. ನೋಡಿದರೆ ನನ್ನ ಎಡಗಿವಿಯಿಂದ ಒಂದೇ ಗೇಣು ದೂರದಲ್ಲಿ, ಬಾಗಿಲಿನ ಚೌಕಟ್ಟಿಗೆ ಒಂದು ಪುಟ್ಟ ಬಾಣ ನೆಟ್ಟುಕೊಂಡು ನಡುಗುತ್ತಿತ್ತು. ಅದರ ಬಾಲಕ್ಕೆ ಕೆಂಪು ಪುಕ್ಕ ಬೇರೆ.

“ಏ, ಬಾ ಬಾ. ಹೆದರಬ್ಯಾಡ. ಟಾರ್ಗೆಟ್ ಪ್ರಾಕ್ಟೀಸ್ ಮಾಡಾಕತ್ತಿದ್ದೆ,” ಅಂದ ಪಂಪಾಪತಿ.

ಇದು ನಡೆದದ್ದು ಸಿರುಗುಪ್ಪದ ಒಂದು ಬ್ಯಾಂಕಿನ ಮ್ಯಾನೇಜರ್ ಕ್ಯಾಬಿನ್ನಿನಲ್ಲಿ. ಡಿಸೆಂಬರ್ ಇಪ್ಪತ್ತೊಂಬತ್ತರಂದು, ಬೆಳಿಗ್ಗೆ ಹನ್ನೊಂದು ಗಂಟೆಗೆ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ. (ಯಾವ ಬ್ಯಾಂಕು ಎಂದು ಕೇಳಬೇಡಿ. ಹೇಳಿದರೆ ಪಂಪಾಪತಿ ನಮ್ಮ ಮನೆಗೆ ಊಟಕ್ಕೆ ಬರುವುದನ್ನು ನಿಲ್ಲಿಸುತ್ತಾನೆ. ಹಾಗಾದರೆ ಇವತ್ತೇ ಹೇಳಿಬಿಡಿ ಎನ್ನುತ್ತಾಳೆ ನನ್ನ ಹೆಂಡತಿ.)

ಪಂಪಾಪತಿ ಮತ್ತು ನಾನು ಬಳ್ಳಾರಿಯ ಕಾಲೇಜಿನಲ್ಲಿ ಒಂದೇ ಬೆಂಚು. ಅವನು ಬ್ಯಾಂಕು ಸೇರಿದ, ನಾನು ಹೈಸ್ಕೂಲು ಮೇಷ್ಟ್ರಾದೆ. ಅವನಿಗೆ ಕ್ಯಾಬಿನ್ನು ಬಂತು, ನನಗೆ ಕನ್ನಡಕ ಬಂತು. ಆದರೂ ಗೆಳೆತನ ಉಳಿದಿದೆ. ನನ್ನ ಹೆಂಡತಿಯ ತವರು ಕರೂರು. ಬಳ್ಳಾರಿಯಿಂದ ಕರೂರಿಗೆ ಹೋಗಬೇಕಾದರೆ ಸಿರುಗುಪ್ಪದಲ್ಲಿ ಬಸ್ಸು ಬದಲಿಸಬೇಕು. ಎರಡು ಬಸ್ಸುಗಳ ನಡುವಿನ ಹೊತ್ತಿನಲ್ಲಿ ನಾನು ಬ್ಯಾಂಕಿಗೆ ಹೋಗಿ ಒಂದು ಚಹಾ ಕುಡಿಯುತ್ತೇನೆ. ಕ್ರಿಸ್‌ಮಸ್ ರಜೆ, ಎಳ್ಳಮಾವಾಸ್ಯೆಗೆ ಅತ್ತೆಮನೆಗೆ ಹೊರಟಿದ್ದೆವು. ಹೆಂಡತಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಅವಳ ಚಿಕ್ಕಮ್ಮನ ಜೊತೆ ಮಾತಿಗೆ ಬಿಟ್ಟು ಬಂದಿದ್ದೆ. ಬಂದವನಿಗೆ ಈ ಬಾಣದ ಸ್ವಾಗತ.

ಬಾಗಿಲಿನ ಪಕ್ಕದ ಗೋಡೆಯಲ್ಲಿ ಒಂದು ದುಂಡನೆ ಹಲಗೆ. ಕಪ್ಪು, ಬಿಳಿ, ಕೆಂಪು, ಹಸಿರು ಪಟ್ಟಿಗಳು, ಸುತ್ತ ಅಂಕಿಗಳು, ನಟ್ಟನಡುವೆ ಒಂದು ಕೆಂಪು ಕಣ್ಣು. ಡಾರ್ಟ್ಸ್ ಅಂತೆ ಆಟದ ಹೆಸರು. ಸಾಹೇಬರ ದೇಶದಲ್ಲಿ ಹೆಂಡದಂಗಡಿಗಳಲ್ಲಿ ಆಡುತ್ತಾರಂತೆ. ಹೋದ ವರ್ಷ ಠೇವಣಿ ಸಂಗ್ರಹದಲ್ಲಿ ಪಂಪಾಪತಿ ಎರಡನೆಯವನಾಗಿ ಬಂದನಂತೆ. ಮೊದಲನೆಯವನಿಗೆ ಗೋಡೆ ಗಡಿಯಾರ, ಎರಡನೆಯವನಿಗೆ ಇದು. “ಟಾರ್ಗೆಟ್ ಮರೀಬಾರದು ಅಂತ ಮ್ಯಾಲಿನವ್ರು ಕಳಿಸ್ಯಾರ. ದಿನಾ ಕಣ್ಣಿಗೆ ಬೀಳ್ತಿರಬೇಕಂತ,” ಅಂದ ಅವನು ಹೆಮ್ಮೆಯಿಂದ.

ಆಟದ ನಿಯಮಗಳನ್ನೂ ಹೇಳಿದ. ಹಲಗೆಯಿಂದ ಸುಮಾರು ಎಂಟಡಿ ದೂರ ಒಂದು ಗೆರೆ. ಗೆರೆ ದಾಟದೆ ನಿಂತು ಎಸೆಯಬೇಕು. ಒಬ್ಬನಿಗೆ ಒಂದು ಸರದಿಗೆ ಮೂರೇ ಬಾಣ. ನೆಟ್ಟ ಜಾಗದ ಅಂಕ ನಿನ್ನದು. ಕೆಳಗೆ ಬಿದ್ದರೆ ಸೊನ್ನೆ.

ನಾನು ನೆಲ ನೋಡಿದೆ. ಪಂಪಾಪತಿ ಸುಣ್ಣದ ಕಡ್ಡಿಯಲ್ಲಿ ಎಳೆದಿದ್ದ ಗೆರೆ ಹಲಗೆಯಿಂದ ಹೆಚ್ಚೆಂದರೆ ನಾಲ್ಕಡಿ.

“ಎಂಟಡಿ ಅಂದ್ಯಲ್ಲೋ?”

“ಕ್ಯಾಬಿನ್ ಸಣ್ಣದೈತಿ, ಏನ್ ಮಾಡ್ಲಿ? ಗೆರಿನಽ ಸ್ವಲ್ಪ ಮುಂದ ತಂದೀನಿ.”

ನಾಲ್ಕಡಿಯಿಂದ ಎಸೆದೂ ಬಾಗಿಲ ಚೌಕಟ್ಟಿಗೆ ಹೊಡೆದಿದ್ದ ನನ್ನ ಗೆಳೆಯ. ಇಂಥವನ ಕೈಯಲ್ಲಿ ಸಿರುಗುಪ್ಪ ತಾಲೂಕಿನ ಅರ್ಧ ಜನರ ದುಡ್ಡಿದೆ ಎಂದು ನಾನು ಆವತ್ತೇ ಯೋಚಿಸಬೇಕಾಗಿತ್ತು. ಯೋಚಿಸಲಿಲ್ಲ, ನಕ್ಕೆ.

ಈ ಟಾರ್ಗೆಟ್ ಎಂಬ ಮಾತು ನಮ್ಮ ಜಿಲ್ಲೆಗೆ ಯಾವಾಗ ಬಂತೋ ನನಗೆ ನೆನಪಿಲ್ಲ. ನಾವು ಚಿಕ್ಕವರಿದ್ದಾಗ ಇರಲಿಲ್ಲ. ಈಗ ಎಲ್ಲೆಲ್ಲೂ ಅದೇ. ಒಂದು ಕಾಲದಲ್ಲಿ ಕುಟುಂಬ ಯೋಜನೆಯ ಆಪರೇಷನ್ ಟಾರ್ಗೆಟ್ ಎಂದು ಜೀಪು ಬಂದರೆ ಹಳ್ಳಿ ಗಂಡಸರು ಜೋಳದ ಹೊಲಕ್ಕೆ ನುಗ್ಗುತ್ತಿದ್ದರು. ನಮ್ಮ ಶಾಲೆಗೂ ಇದೆ, ಇಂತಿಷ್ಟು ಹುಡುಗರು ಪಾಸಾಗಬೇಕು ಅಂತ. (ಹೇಗೆ ಪಾಸಾಗುತ್ತಾರೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನನಗೂ ಪೆನ್ಷನ್ ಬೇಕು.) ಬ್ಯಾಂಕಿನವರಿಗಂತೂ ಅದು ಉಸಿರು. ಠೇವಣಿ ಟಾರ್ಗೆಟ್, ಸಾಲದ ಟಾರ್ಗೆಟ್, ಹೊಸ ಖಾತೆಗಳ ಟಾರ್ಗೆಟ್. ಇಂಥ ತಾರೀಖಿನೊಳಗೆ ಇಷ್ಟು ಮೊತ್ತ, ಅಷ್ಟೇ ಅದರ ಅರ್ಥ. ಮೊತ್ತ ಯಾರದು, ಎಲ್ಲಿಂದ ಬಂತು, ಎಷ್ಟು ಹೊತ್ತು ಇತ್ತು? ಆ ಅರ್ಥದಲ್ಲಿ ಇದಾವುದೂ ಇಲ್ಲ.

ನನಗೆ ಡಾರ್ಟ್ಸ್ ಆಟದ ಬಗ್ಗೆ ಗೌರವ ಬಂದದ್ದು ಅದಕ್ಕೇ. ಅಲ್ಲಿ ಬಾಣ ಬಿದ್ದರೆ ಬಿತ್ತು. ಯಾರೂ ಓಡಿಹೋಗಿ, ಬಿದ್ದ ಬಾಣವನ್ನು ಎತ್ತಿ ಹಲಗೆಗೆ ಒತ್ತಿ ಹಿಡಿದು, “ಎಣಿಸ್ರಿ, ಲಗೂನ ಎಣಿಸ್ರಿ” ಎನ್ನುವುದಿಲ್ಲ. ಬ್ಯಾಂಕಿನಲ್ಲಿ ಎನ್ನುತ್ತಾರೆ. ಅವತ್ತು ಚಹಾ ಬರುವಷ್ಟರಲ್ಲಿ ಅದನ್ನು ನಾನೇ ನೋಡಿದೆ.

ರೈಸ್‌ಮಿಲ್ ಸಾವುಕಾರರೊಬ್ಬರು ಒಳಗೆ ಬಂದರು. ಪಂಪಾಪತಿ ಎದ್ದು ನಿಂತ. ಒಂದು ಕಾಗದಕ್ಕೆ ಸಹಿ ಹಾಕಿದರು, ಬ್ಯಾಂಕು ಅವರಿಗೆ ಸಾಲ ಕೊಟ್ಟಿತು. ಇನ್ನೊಂದು ಕಾಗದಕ್ಕೆ ಸಹಿ ಹಾಕಿದರು, ಅದೇ ದುಡ್ಡು ಅವರ ಹೆಂಡತಿಯ ಹೆಸರಲ್ಲಿ ಠೇವಣಿಯಾಯಿತು. ಸಾಲದ ಟಾರ್ಗೆಟ್ಟೂ ಮುಟ್ಟಿತು, ಠೇವಣಿಯದೂ ಮುಟ್ಟಿತು. ನೋಟುಗಳು ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಸಾವುಕಾರರು ನನ್ನ ಪಾಲಿನ ಬಿಸ್ಕತ್ತನ್ನೂ ತಿಂದು ಹೋದರು.

“ಇದು ಎಷ್ಟು ದಿನಕ್ಕೋ?”

“ಮೂರು ದಿನ. ಒಂದನೇ ತಾರೀಖು ಎಲ್ಲಾ ವಾಪಸ್. ಮೂವತ್ತೊಂದರ ಸಂಜಿಗೆ ಲೆಕ್ಕದಾಗ ಇದ್ರ ಸಾಕು.”

ಅಷ್ಟರಲ್ಲಿ ಟ್ರಂಕ್ ಕಾಲ್. ಕುರುಗೋಡಿನ ಶಾಖೆಯ ಮ್ಯಾನೇಜರ್. ಅವನಿಗೂ ಠೇವಣಿ ಕಡಿಮೆ ಬಿದ್ದಿದೆ, ಸಿರುಗುಪ್ಪದ ಯಾರಾದರೂ ದೊಡ್ಡ ಗಿರಾಕಿಯನ್ನು ಎರಡು ದಿನದ ಮಟ್ಟಿಗೆ ಅತ್ತ ಕಳಿಸಿಕೊಡಬೇಕಂತೆ. ಸೈಕಲ್ ಪಂಪು ಕೇಳುವ ಹಾಗೆ ಕೇಳುತ್ತಿದ್ದ. “ಯಪ್ಪಾ, ನಾನಽ ಉಪವಾಸ ಅದೀನಿ, ನಿನಗೇನ್ ಬಡಿಸ್ಲಿ?” ಎಂದು ಪಂಪಾಪತಿ ಫೋನು ಇಟ್ಟ. ನಾನು ಮತ್ತೆ ನಕ್ಕೆ. ಸ್ವಂತ ಕಾಸು ಹೋಗುವ ತನಕ ಇವೆಲ್ಲ ನಗುವ ವಿಷಯಗಳೇ ತಾನೆ?

ನಗು ನಿಂತದ್ದು ಕೌಂಟರಿನಿಂದ ಬಂದ ಒಂದು ದನಿಗೆ.

“ಹೊಂದವಲ್ದು ಅಂದ್ರ ಹೆಂಗ್ರಿ ಸಾಮಿ? ಬಟ್ಟು ನಂದಽ ಐತಿ. ನೋಡ್ರಿ, ಕೈಗೇ ಐತಿ.”

ಹುಲಿಗೆಮ್ಮ. ಕರೂರಿನವಳು. ಭತ್ತದ ನಾಟಿ ಮಾಡುವ ಇಪ್ಪತ್ತೆರಡು ಹೆಂಗಸರ ಗುಂಪಿನ ಮೇಸ್ತ್ರಿ. ಐವತ್ತರ ಹತ್ತಿರದ ವಯಸ್ಸು. ನನ್ನ ಮಾವನವರ ಗದ್ದೆಗೂ ಇವಳ ಗುಂಪೇ ಇಳಿಯುವುದು.

ಈ ಗುಂಪಿನ ಪದ್ಧತಿ ನಿಮಗೆ ಹೇಳಬೇಕು. ನಾಟಿಯ ಕೂಲಿಯನ್ನು ಹೊಲದವರು ಆಗಲೇ ಕೊಡುವುದಿಲ್ಲ. ಭತ್ತ ಮಾರಿದ ಮೇಲೆ ಇಡೀ ಗುಂಪಿನದನ್ನು ಒಟ್ಟಿಗೆ ಮೇಸ್ತ್ರಿಯ ಕೈಗೆ ಕೊಡುತ್ತಾರೆ. ಅವಳು ಎಲ್ಲರ ಹೊಲದ್ದನ್ನೂ ಕೂಡಿಟ್ಟು, ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ಊರಮ್ಮನ ಗುಡಿಯ ಕಟ್ಟೆಯ ಮೇಲೆ ಹಂಚಬೇಕು. ಮರುದಿನ ಅಮಾವಾಸ್ಯೆಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಅಲ್ಲೇ ಹೊಲದವರು ಮೇಸ್ತ್ರಿಗೆ ವೀಳ್ಯ ಕೊಟ್ಟು, ಎರಡನೇ ಬೆಳೆಯ ನಾಟಿಯನ್ನು ಒಪ್ಪಿಸುತ್ತಾರೆ. ಅಮಾವಾಸ್ಯೆಯೊಳಗೆ ಹಂಚದ ಮೇಸ್ತ್ರಿಗೆ ವೀಳ್ಯವಿಲ್ಲ. ವೀಳ್ಯವಿಲ್ಲದವಳು ಮೇಸ್ತ್ರಿಯಲ್ಲ. ಕಾಗದವಿಲ್ಲ, ಸಹಿಯಿಲ್ಲ, ಇದು ತಪ್ಪಿದ್ದೂ ಇಲ್ಲ.

ಹುಲಿಗೆಮ್ಮ ಹನ್ನೊಂದು ವರ್ಷದಿಂದ ಮೇಸ್ತ್ರಿ. ಅದರಿಂದ ಅವಳಿಗೆ ಸಿಗುವುದು ಉಳಿದವರಿಗಿಂತ ಎರಡು ದಿನದ ಕೂಲಿ ಹೆಚ್ಚು, ಮತ್ತು ಗದ್ದೆಯಲ್ಲಿ ಮೊದಲು ಹಾಡು ಎತ್ತುವ ಹಕ್ಕು. ಅವಳು ಎತ್ತಬೇಕು, ಉಳಿದವರು ಹಿಡಿಯಬೇಕು. ಆ ಹಕ್ಕಿನ ಬಗ್ಗೆ ಅವಳಿಗೆ ಎಷ್ಟು ಜಂಬವೆಂದರೆ, ನೆಗಡಿಯಾಗಿದ್ದರೂ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ.

ಮೊದಲು ಅವಳು ಆ ದುಡ್ಡನ್ನು ಜೋಳ ತುಂಬಿಡುವ ಗುಮ್ಮಿಯಲ್ಲಿ ಹೂತಿಡುತ್ತಿದ್ದಳು. ಎರಡು ವರ್ಷದ ಹಿಂದೆ ಇಲಿ ಮೂರು ನೋಟು ತಿಂದಿತು. ಅವಳು ತನ್ನ ಕೂಲಿಯಿಂದ ತುಂಬಿಕೊಟ್ಟಳು. ಆಗ ಅತ್ತೆಮನೆಯ ಜಗುಲಿಯ ಮೇಲೆ ಕೂತು ಅವಳಿಗೆ ಬುದ್ಧಿ ಹೇಳಿದ ಮಹಾಶಯ ಯಾರು ಗೊತ್ತೇ?

ನಾನೇ. “ಬ್ಯಾಂಕಿನ್ಯಾಗ ಇಡು ಹುಲಿಗೆಮ್ಮ. ಇಲಿ ಕಾಟ ಇಲ್ಲ, ಕಳ್ಳರ ಕಾಟ ಇಲ್ಲ. ಕೇಳಿದ ದಿನ ಕೇಳಿದಷ್ಟು ಕೊಡ್ತಾರ. ಮ್ಯಾನೇಜರ್ ನನ್ನ ದೋಸ್ತ.”

ಇನ್ನೂ ಒಂದನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಹಾಗೆ ಹೇಳಿದ್ದು ಬರೀ ಅವಳ ಮೇಲಿನ ಕಾಳಜಿಯಿಂದಲ್ಲ. ಅದಕ್ಕೆ ವಾರದ ಹಿಂದೆ ಪಂಪಾಪತಿ ನಮ್ಮ ಮನೆಯಲ್ಲಿ ರೊಟ್ಟಿ ತಿನ್ನುತ್ತ, “ನಿನ್ನ ಅತ್ತೆಮನಿ ಕಡೆಯಿಂದ ನಾಕೈದು ಹೊಸ ಖಾತೆ ಮಾಡಿಸಿಕೊಡೋ, ಟಾರ್ಗೆಟ್ ಐತಿ” ಎಂದಿದ್ದ. ಹುಲಿಗೆಮ್ಮ ಆ ನಾಲ್ಕೈದರಲ್ಲಿ ಒಬ್ಬಳು. ಮೊದಲ ವರ್ಷ ಸುಸೂತ್ರವಾಗಿ ಹೋಯಿತು. ಆ ಸಲ ಅಮಾವಾಸ್ಯೆ ಬೇರೆ ತಾರೀಖಿಗೆ ಬಿದ್ದಿತ್ತು. ಈ ಸಲ ಅಮಾವಾಸ್ಯೆಯೂ ಬ್ಯಾಂಕಿನ ವರ್ಷದ ಕ್ಲೋಸಿಂಗೂ ಒಂದೇ ದಿನ. ಮೂವತ್ತೊಂದು.

ಅವಳು ನನ್ನನ್ನು ಗಾಜಿನಾಚೆಯಿಂದ ನೋಡಿದಳು. ಮುಖ ಅರಳಿತು. “ಅಳಿಯಪ್ಪಾರ, ನೀವಽ ಅದೀರೇನ್ರಿ! ಬರ್ರಿ, ಸ್ವಲ್ಪ ಹೇಳ್ರಿ ಇವ್ರಿಗೆ. ಬಟ್ಟು ಹೊಂದವಲ್ದಂತ. ನಾಳಿ ಸಂಜಿಮುಂದ ಹಂಚಬೇಕು. ಇಲ್ಲಾಂದ್ರ ಮೇಸ್ತ್ರಿಕಿ ಹೋತ್ರಿ ನಂದು.”

ಊರಿನ ಅಳಿಯ ನಾನು. ಅದಕ್ಕೇ ಆ ಹೆಸರು.

ಹೊರಗೆ ಹೋಗಿ ಅವಳ ಹೆಬ್ಬೆಟ್ಟು ನೋಡಿದೆ. ನೀರಿನಲ್ಲಿ, ಕೆಸರಿನಲ್ಲಿ, ಕುಡುಗೋಲಿನ ಹಿಡಿಯಲ್ಲಿ ಸವೆದು ಗೆರೆಗಳೇ ಕಾಣದಂತಾಗಿತ್ತು. ಆದರೆ ಪಾಸ್‌ಬುಕ್ಕಿನಲ್ಲಿ ಅವಳ ಫೋಟೋ ಇತ್ತು. ಎದುರಿಗೆ ಅವಳೇ ಇದ್ದಳು. ಸಾಕ್ಷಿಗೆ ನಾನಿದ್ದೆ. ಇನ್ನೇನು ಬೇಕು?

ಕ್ಯಾಬಿನ್ನಿಗೆ ಬಂದು ಕೇಳಿದೆ. ಪಂಪಾಪತಿ ಇಂಗ್ಲಿಷಿಗೆ ಇಳಿದ. ನಮ್ಮವರು ನಾಚಿಕೆಗೇಡಿನ ಮಾತನ್ನು ಇಂಗ್ಲಿಷಿನಲ್ಲೇ ಹೇಳುವುದು.

“ನಾಟ್ ಬಿಫೋರ್ ಕ್ಲೋಸಿಂಗ್.”

“ಯಾಕೋ?”

“ಟಾರ್ಗೆಟ್‌ಗೆ ಕೂದಲೆಳೆ ಮ್ಯಾಲ ಅದೀನಿ. ಆಕಿ ತಗದ್ರ ಕೆಳಗ ಬೀಳ್ತೀನಿ. ಯಾವ ದೊಡ್ಡ ಮೊತ್ತನೂ ಹೊರಗ ಬಿಡಬ್ಯಾಡ ಅಂತ ಕ್ಯಾಷಿಯರ್‌ಗೆ ಹೇಳೀನಿ. ಅವ ಪಾಪ ಏನೋ ಒಂದು ನೆವ ಹೇಳ್ಯಾನ. ಒಂದನೇ ತಾರೀಖು ಬಾ ಅನ್ನು. ಮೂರು ದಿನಕ್ಕ ಏನಾಗ್ತದ?”

ಹಂಚಿಕೆ ಮರುದಿನವೇ ಆಗಬೇಕು ಎಂದು ನಾನು ಹೇಳಿದೆ. ಅವನು ಬಾಣದ ಪುಕ್ಕ ಸರಿಮಾಡುತ್ತ, “ನಾಳಿ ಕಳಿಸು, ನೋಡೋಣ” ಅಂದ.

ನಾನು ಜಗಳ ಮಾಡಲಿಲ್ಲ. ಮೇಜು ಗುದ್ದಲಿಲ್ಲ. ಹೊರಗೆ ಬಂದು, ಪಾಠದಲ್ಲಿ ಗೊತ್ತಿಲ್ಲದ್ದನ್ನು ಹುಡುಗರಿಗೆ ಹೇಳುವ ದನಿಯಲ್ಲೇ, “ನಾಳೆ ಬಾರಮ್ಮ, ಆಗ್ತದ” ಎಂದೆ. ಅವಳು ನಂಬಿದಳು. ನಾನು ಬಸ್ಸು ಹಿಡಿದೆ.

ಮರುದಿನ ಹುಲಿಗೆಮ್ಮ ಮೊದಲ ಬಸ್ಸಿಗೇ ಹೋದಳು. ಮಧ್ಯಾಹ್ನ ಮೂರರವರೆಗೆ ಬೆಂಚಿನ ಮೇಲೆ ಕೂರಿಸಿ, ಕ್ಯಾಷ್ ಮುಗಿದಿದೆ ಎಂದು ಕಳಿಸಿದರು. ಬ್ಯಾಂಕಿನಲ್ಲಿ ಕ್ಯಾಷ್ ಮುಗಿದಿದೆ! ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ಮುಗಿದಿದೆ ಎಂದ ಹಾಗೆ! ಆವತ್ತು ಬೆಳಗಿನಿಂದ ಅಲ್ಲಿ ದುಡ್ಡು ಕಟ್ಟುವವರ ಸಾಲಿತ್ತೇ ಹೊರತು ತೆಗೆಯುವವರಿಗೆ ಒಬ್ಬರಿಗೂ ಕೊಟ್ಟಿರಲಿಲ್ಲವಂತೆ. ಆ ದುಡ್ಡನ್ನು ಕ್ಯಾಷಿಯರ್ ಏನು ನುಂಗಿದನೇ?

ಸಂಜೆ ಗುಡಿಯ ಕಟ್ಟೆಯ ಮೇಲೆ ಹೆಂಗಸರು ಬಂದು ಕೂತರು. ಪ್ರತಿಯೊಬ್ಬಳ ಸೆರಗಿನ ತುದಿಯಲ್ಲೂ ಹುಣಸೆಬೀಜದ ಗಂಟು. ದುಡಿದ ದಿನಕ್ಕೆ ಒಂದು ಬೀಜ. ಹುಲಿಗೆಮ್ಮ ಬರಿಗೈಯಲ್ಲಿ ಬಂದು ನಿಂತಳು. ಹನ್ನೊಂದು ವರ್ಷ ಆ ಜಾಗದಲ್ಲಿ ಅವಳು ಕೂತುಕೊಂಡು ಹಂಚಿದವಳು. ಆವತ್ತು ನಿಂತೇ ಇದ್ದಳು.

“ಬ್ಯಾಂಕಿನ್ಯಾಗ ಐತಿ. ಕೊಡವಲ್ರು,” ಅಂದಳು.

“ಇದ್ರ ಯಾಕ ಕೊಡವಲ್ರು?” ಎಂದು ಕೇಳಿದವಳು ಎರ್ರಮ್ಮ. ಗುಂಪಿನಲ್ಲಿ ಚುರುಕಿನವಳು, ಮೂವತ್ತರ ಒಳಗಿನವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಹುಲಿಗೆಮ್ಮ ನನ್ನ ಕಡೆ ನೋಡಿದಳು. ಓದಿದವನು ನಾನೊಬ್ಬನೇ ಅಲ್ಲಿ. ಎದ್ದು ನಿಂತೆ. ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ, ಇದೇನು ಮಹಾ ಎಂದುಕೊಂಡೆ.

“ನಾಳಿ ಬ್ಯಾಂಕಿನ ಕ್ಲೋಸಿಂಗ್ ಐತಿ.”

“ಹಂಗಂದ್ರ?”

“ವರ್ಷದ ಲೆಕ್ಕ ಮುಗಸೋದು.”

“ನಾವೂ ಅದಕ್ಕಽ ಕುಂತೀವ್ರಿ,” ಅಂದಳು ಎರ್ರಮ್ಮ.

ಯಾರೋ ಕಿಸಕ್ಕನೆ ನಕ್ಕರು. ನಾನು ಮುಂದುವರಿದೆ. “ಅವ್ರಿಗೆ ಟಾರ್ಗೆಟ್ ಅಂತ ಇರ್ತದ. ನಾಳಿಗೆ ಬ್ಯಾಂಕಿನ್ಯಾಗ ಇಷ್ಟು ರೊಕ್ಕ ಇರಬೇಕು ಅಂತ ಮ್ಯಾಲಿನವ್ರು ಹೇಳಿರ್ತಾರ.”

“ಯಾರ ರೊಕ್ಕ?”

“ಎಲ್ಲಾರದೂ. ನಿಮ್ಮದೂ, ನಮ್ಮದೂ.”

“ನಮ್ಮ ರೊಕ್ಕ ಎಷ್ಟು ದಿನ ಇರಬೇಕಂತ ಹೇಳಾಕ ಅವ್ರ್ಯಾರ್ರಿ?”

ಓದುಗರಲ್ಲಿ ಅರ್ಥಶಾಸ್ತ್ರ ಓದಿದವರಿದ್ದರೆ ಒಂದು ಕಾರ್ಡು ಬರೆದು ಉತ್ತರ ತಿಳಿಸಿ, ಎರ್ರಮ್ಮನಿಗೆ ಮುಟ್ಟಿಸುತ್ತೇನೆ.

ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕಿ, ತನ್ನ ಗಂಟನ್ನು ಬಿಚ್ಚದೆಯೇ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಹೇಳಿದಳು. “ಇಲಿ ಮೂರ ನೋಟು ತಿಂದಿತ್ತವ್ವ. ಇದು ಯಾವ ಇಲಿ?”

ಹುಲಿಗೆಮ್ಮ ತಲೆ ತಗ್ಗಿಸಿದಳು. ಯಾರೂ ಅವಳನ್ನು ಕಳ್ಳಿ ಎನ್ನಲಿಲ್ಲ. ಅಂದಿದ್ದರೆ ಅವಳು ಎದುರು ಬೀಳುತ್ತಿದ್ದಳೇನೋ. ಒಬ್ಬೊಬ್ಬರೇ ಸುಮ್ಮನೆ ಎದ್ದುಹೋದರು. ನನಗೆ ಅಲ್ಲೇ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ನನ್ನ ಜೇಬಿನಲ್ಲಿದ್ದುದು ಹಬ್ಬದ ಖರ್ಚಿಗೆಂದು ತಂದಿದ್ದ ಪುಡಿಗಾಸು. ಅದರಲ್ಲಿ ಇಪ್ಪತ್ತೆರಡು ಜನರ ಮಾತಿರಲಿ, ಇಬ್ಬರ ಕೂಲಿಯೂ ಆಗುತ್ತಿರಲಿಲ್ಲ. ಮಾವನವರ ಕೈಯಲ್ಲೂ ಅಷ್ಟಿರಲಿಲ್ಲ. ಅವರು ಆಗಲೇ ತಮ್ಮ ಪಾಲಿನ ಕೂಲಿಯನ್ನು ಹುಲಿಗೆಮ್ಮನಿಗೆ ಕೊಟ್ಟಾಗಿತ್ತು, ಅದು ಬ್ಯಾಂಕಿನಲ್ಲಿ ಪಂಪಾಪತಿಯ ಮಾನ ಕಾಯುತ್ತಿತ್ತು.

ಮರುದಿನ ಅಮಾವಾಸ್ಯೆ. ಬ್ಯಾಂಕಿಗೆ ಕ್ಲೋಸಿಂಗ್ ರಜೆ. ಊರಿಗೆ ಊರೇ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಯಿತು. ಬುತ್ತಿಯ ಒಂದು ಪಾಲನ್ನು ಬೆಳೆಗೆ ಎರಚಿ ಚರಗ ಚೆಲ್ಲಿದರು. ಊಟವಾದ ಮೇಲೆ ಹೊಲದವರೆಲ್ಲ ಬದುವಿನ ಮೇಲೆ ಕೂಡಿ ವೀಳ್ಯ ಕೊಟ್ಟರು. ಎರ್ರಮ್ಮನಿಗೆ. ಕೊಟ್ಟವರಲ್ಲಿ ನನ್ನ ಮಾವನವರೂ ಒಬ್ಬರು. “ಏನ್ ಮಾಡಾಕ ಬರ್ತದ? ಪದ್ಧತಿ ಬಿಡಾಕ ಆಗಂಗಿಲ್ಲ,” ಅಂದರು ನನ್ನ ಮುಖ ನೋಡದೆ.

ಹುಲಿಗೆಮ್ಮ ಹೊಲಕ್ಕೆ ಬಂದಿರಲಿಲ್ಲ. ನನ್ನ ಹೆಂಡತಿ ಒಂದು ಎಲೆಯಲ್ಲಿ ಹೋಳಿಗೆ ಕಟ್ಟಿಟ್ಟಳು. ನನಗೆ ಬಡಿಸುವಾಗ ಮಾತ್ರ ಒಂದೇ ಒಂದು ಹಾಕಿ, “ನಿಮ್ಮ ದೋಸ್ತನ ಮನಿಗೆ ಹೋಗಿ ತಿನ್ರಿ” ಎಂದಳು. ನಾನು ಎರಡನೆಯದು ಕೇಳಲಿಲ್ಲ.

ಒಂದನೇ ತಾರೀಖು ನಾನೇ ಅವಳನ್ನು ಕರೆದುಕೊಂಡು ಹೋದೆ. ಬಾಗಿಲು ತೆರೆಯುವ ಮುಂಚೆಯೇ ಸಾಲಿನಲ್ಲಿ ಮೊದಲಿಗರಾಗಿ ನಿಂತೆವು. ಮೊದಲಿಗರು ಎಂದುಕೊಂಡಿದ್ದೆವು. ಬಾಗಿಲು ತೆರೆದಾಗ ರೈಸ್‌ಮಿಲ್ ಸಾವುಕಾರರ ಗುಮಾಸ್ತ ಕೆಲಸ ಮುಗಿಸಿ, ಕಾಗದ ಮಡಿಸಿ, ಹಿತ್ತಲ ಬಾಗಿಲಿನಿಂದ ಹೊರಡುತ್ತಿದ್ದ. ಅವನ ಸಹಿ ಯಾವತ್ತೂ ಹೊಂದದೇ ಹೋಗಿಲ್ಲ.

ಹುಲಿಗೆಮ್ಮ ಹೆಬ್ಬೆಟ್ಟು ಒತ್ತಿದಳು. ಕ್ಯಾಷಿಯರ್ ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ನೋಟು ಎಣಿಸಿ ಕೊಟ್ಟ.

ಪಂಪಾಪತಿ ಕ್ಯಾಬಿನ್ನಿನಿಂದ ಕುಣಿಯುತ್ತಲೇ ಹೊರಬಂದ. ಕೈಯಲ್ಲಿ ಟೆಲಿಗ್ರಾಂ. ಟಾರ್ಗೆಟ್ ಮುಟ್ಟಿತ್ತು. ಮೇಲಿನವರು ಅಭಿನಂದನೆ ಕಳಿಸಿದ್ದರು. “ಈ ಸಲ ಗಡಿಯಾರ ನನಗಽ! ಏನಮ್ಮಾ, ರೊಕ್ಕ ಸಿಕ್ತಿಲ್ಲ? ನಾ ಹೇಳಿರಲಿಲ್ಲ?”

ಅವಳು ಅವನನ್ನು ನೇರ ನೋಡಿದಳು. “ಮೊನ್ನಿ ಹೊಂದಲಾರದ್ದು ಇವತ್ತು ಹೆಂಗ ಹೊಂದಿತ್ರಿ ಸಾಮಿ?”

ಪಂಪಾಪತಿ ನಕ್ಕ. ಅವಳು ತಮಾಷೆ ಮಾಡಿದಳು ಎಂದು ಅವನು ನಿಜವಾಗಿಯೂ ತಿಳಿದುಕೊಂಡಿದ್ದ. ಅದನ್ನು ನೋಡಿ ನನಗೆ ಅಸಹ್ಯವಾಯಿತು. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. ಅವನು ಕೆಟ್ಟವನಲ್ಲ, ಒಂದು ಕಾಸು ನುಂಗಿದವನಲ್ಲ. ಮೂರು ದಿನ ತಡವಾದರೆ ಒಬ್ಬರ ಬದುಕಿನಲ್ಲಿ ಏನಾದರೂ ಕೆಡಬಹುದು ಎಂಬುದು ಅವನಿಗೆ ಹೊಳೆಯುವುದೇ ಇಲ್ಲ, ಅಷ್ಟೇ. ಹೊಳೆಯದಂತೆ ನೋಡಿಕೊಳ್ಳಲಿಕ್ಕೇ ಅವನಿಗೆ ಸಂಬಳ.

ಆಗ ಟಾರ್ಗೆಟ್ ಎಂಬ ಮಾತಿನ ಮೇಲೆ ನನಗೆ ವಿಪರೀತ ಸಿಟ್ಟು ಬಂದು, ಬಳ್ಳಾರಿಗೆ ಮರಳಿದ ಮೇಲೆ ಶಾಲೆಯ ದೊಡ್ಡ ನಿಘಂಟು ತೆಗೆದು ನೋಡಿದೆ. (ಮೇಷ್ಟ್ರ ಸಿಟ್ಟು ನಿಘಂಟಿನವರೆಗೆ ಮಾತ್ರ ಹೋಗುತ್ತದೆ.) ಹಿಂದೆ ಆ ಮಾತಿಗೆ ಸಣ್ಣ ದುಂಡು ಗುರಾಣಿ ಎಂಬ ಅರ್ಥವಿತ್ತಂತೆ. ಮೈ ಕಾಯುವ ವಸ್ತು. ಅದರ ದುಂಡಗಿನ ಆಕಾರ ನೋಡಿ, ಮುಂದೆ ಬಾಣ ಹೊಡೆಯುವ ಹಲಗೆಗೂ ಅದೇ ಹೆಸರು ಬಂತಂತೆ. ಕಾಯುವುದಕ್ಕೆ ಇದ್ದದ್ದೇ ಹೊಡೆಸಿಕೊಳ್ಳಲು ನಿಂತಿತು. ಓದಿ ನಿಘಂಟು ಮುಚ್ಚಿದೆ.

ಒಂದನೇ ತಾರೀಖಿನ ಕಥೆ ಇನ್ನೂ ಸ್ವಲ್ಪ ಇದೆ. ಸಿರುಗುಪ್ಪದಿಂದ ಕರೂರಿಗೆ ವಾಪಸು ಹೋದೆವು. ಹುಲಿಗೆಮ್ಮ ದಾರಿಯುದ್ದಕ್ಕೂ ಗಂಟನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ಕೂತಿದ್ದಳು. ಕಟ್ಟೆಯ ಮೇಲೆ ಎಲ್ಲರನ್ನೂ ಕರೆಸಿದಳು. ಬೀಜ ಎಣಿಸಿದಳು, ದುಡ್ಡು ಕೊಟ್ಟಳು. ಯಾರಿಗೂ ಒಂದು ಪೈಸೆ ಕಡಿಮೆಯಾಗಲಿಲ್ಲ. ಮೇಸ್ತ್ರಿಗೆ ಬರಬೇಕಾದ ಎರಡು ದಿನದ ಕೂಲಿಯನ್ನು ಅವಳು ತೆಗೆದುಕೊಳ್ಳದೆ ಗುಡಿಯ ಹುಂಡಿಗೆ ಹಾಕಿದಳು.

ಹೆಂಗಸರಿಗೆ ಮುಜುಗರವಾಯಿತು. ಎರ್ರಮ್ಮ ಕಣ್ಣೊರೆಸಿಕೊಂಡಳು. “ಅಕ್ಕಾ, ವೀಳ್ಯ ನನ್ನ ಕೈಗೆ ಬಂದುಬಿಟ್ಟೈತಿ. ತಿರುಗಿ ಕೊಡಾಕ ಬರಂಗಿಲ್ಲ. ಬರೂ ವರ್ಸ ನೀನಽ ಆಗು,” ಅಂದಳು. ಬರುವ ವರ್ಷ ಹಾಗೆ ಆಗುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಸ್ತ್ರಿಕೆ ಒಂದು ಸಲ ಕೈದಾಟಿದರೆ ಹಿಂದಕ್ಕೆ ಬಂದದ್ದನ್ನು ಆ ಊರಿನವರು ಕಂಡಿಲ್ಲ.

ಎಲ್ಲರೂ ಹೋದ ಮೇಲೆ ನಾನು ಅವಳ ಹತ್ತಿರ ಹೋದೆ. ಏನಾದರೂ ಮಾಡಬೇಕು ಎನಿಸುತ್ತಿತ್ತು. ತಪ್ಪು ಮಾಡಿದವನಿಗೆ ಆಗ ಬರುವ ಉತ್ಸಾಹವಿದೆಯಲ್ಲ, ಅದು.

“ಹುಲಿಗೆಮ್ಮ, ಹೊಲದವ್ರನ್ನ ಎಲ್ಲಾ ಕೂಡಿಸಿ ನಾನಽ ಮಾತಾಡ್ತೀನಿ. ನಿಂದೇನೂ ತಪ್ಪಿಲ್ಲ, ಬ್ಯಾಂಕಿನವ್ರದ್ದು ಅಂತ ತಿಳಿಸಿ ಹೇಳ್ತೀನಿ. ನನ್ನ ಮಾತು ನಂಬ್ತಾರ.”

ಅವಳು ಖಾಲಿ ಗಂಟಿನ ಬಟ್ಟೆಯನ್ನು ಕೊಡವಿ ಮಡಿಸಿದಳು. “ಬ್ಯಾಡ್ರಿ ಅಳಿಯಪ್ಪಾರ,” ಅಂದಳು, ಬೇಸರವನ್ನೂ ತೋರಿಸದೆ. “ಅಳಿಯಪ್ಪಾರ ಮಾತು ನಂಬ್ರವ್ವ, ಅಂತ ಮೊದಲ ಅವ್ರಿಗೆ ಹೇಳಿದಾಕಿ ನಾನಽ.”

ಹೋದ ವಾರ ಎರಡನೇ ಬೆಳೆಯ ನಾಟಿ ಶುರುವಾಗಿದೆ. ಹುಲಿಗೆಮ್ಮ ಸಾಲಿನ ಕೊನೆಯಲ್ಲಿ ನಿಂತು ಸಸಿ ನೆಡುತ್ತಿದ್ದಾಳಂತೆ. ಎರ್ರಮ್ಮ ಹಾಡು ಎತ್ತುತ್ತಾಳೆ, ಇವಳೂ ಉಳಿದವರ ಜೊತೆ ಹಿಡಿಯುತ್ತಾಳೆ. ನನ್ನ ಹೆಂಡತಿ ತವರಿನಿಂದ ಬಂದು ಇಷ್ಟನ್ನು ಹೇಳಿ ಅಡುಗೆಮನೆಗೆ ಹೋದಳು. ಗುಂಪಿನ ದುಡ್ಡಿಗೆ ಎರ್ರಮ್ಮ ಒಂದು ತಗಡಿನ ಟ್ರಂಕು ಕೊಂಡಿದ್ದಾಳಂತೆ.

ಮೊನ್ನೆ ನನಗೊಂದು ಅಂಚೆ ಬಂತು. ಅಚ್ಚು ಹಾಕಿಸಿದ ಆಮಂತ್ರಣ. ಹಳ್ಳಿಯ ಜನ ಬ್ಯಾಂಕಿಗೆ ದುಡ್ಡು ತರುತ್ತಿಲ್ಲ, ಅವರಲ್ಲಿ ತಿಳಿವಳಿಕೆ ಕಡಿಮೆ, ಆದ್ದರಿಂದ ಕರೂರಿನಲ್ಲಿ ಉಳಿತಾಯ ಜಾಗೃತಿ ಸಭೆ. ವಿಷಯ: ಬ್ಯಾಂಕು ಮತ್ತು ನಂಬಿಕೆ. ಮುಖ್ಯ ಭಾಷಣಕಾರರ ಜಾಗದಲ್ಲಿ ನನ್ನ ಹೆಸರು, ಮುಂದೆ ‘ಖ್ಯಾತ ಅಂಕಣಕಾರರು’ ಎಂದು ಬೇರೆ. ಕೆಳಗೆ ಪಂಪಾಪತಿ ಕೈಯಾರೆ ಬರೆದಿದ್ದಾನೆ: “ದೋಸ್ತ, ಸಭೆಗೆ ಇನ್ನೂರು ಮಂದಿ ಕೂಡಿಸಬೇಕಂತ ಮ್ಯಾಲಿನವ್ರು ಟಾರ್ಗೆಟ್ ಕೊಟ್ಟಾರ. ನಿನ್ನ ಅತ್ತೆಮನಿ ಊರು, ನೀನಽ ಕರಕೊಂಡು ಬರಬೇಕು.”

ಆ ಇನ್ನೂರರಲ್ಲಿ ಹುಲಿಗೆಮ್ಮನನ್ನೂ ಹಿಡಿದಿದ್ದೀಯೇನೋ, ಪಂಪಾಪತಿ?